ಕ್ರೋಶಾ ಹಾಕ್ತಾ ಕೂತ್ರೆ ವಾಕಿಂಗ್ ಆದ ಹಾಗೇನಾ? ವಾಚ್ ತೋರಿಸೋ ಸ್ಟೆಪ್ಸ್ ನಂಬಬಹುದಾ?

ಓದುಗರ ಪ್ರಶ್ನೆ:

"ನಮಸ್ಕಾರ್ರೀ. ನಾನು ಧಾರವಾಡದಾಕಿ, ಮದುವಿ ಆದಮ್ಯಾಲೆ ಪುಣೆದಾಗೇ ಇದ್ದೀನಿ, ಸಿಂಹಗಡ ರೋಡ್ ಕಡೆ. ವಯಸ್ಸು 52, ಎತ್ತರ 5 ಅಡಿ 2 ಇಂಚು, ಈಗ ತೂಕ 68 ಕೆಜಿ. ಹೋದ ವರ್ಷ ಶುಗರ್ ಟೆಸ್ಟ್ ಮಾಡ್ಸಿದಾಗ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) 6.1 ಬಂದಿತ್ತು. ಗುಳಿಗಿ ಈಗ ಬ್ಯಾಡ, ದಿನಾ 45 ನಿಮಿಷ ವಾಕಿಂಗ್ ಮಾಡ್ರಿ ಅಂತ ಡಾಕ್ಟರ್ ಹೇಳಿದ್ರು, ಮಾಡ್ಲಿಕತ್ತಿದ್ದೆ. ಆರು ತಿಂಗಳ ಹಿಂದ ಮಗಳ ಮದುವಿ ಗೊತ್ತಾತು. ಬೀಗರು ಮರಾಠಿ ಮಂದಿ, ರುಖವತಕ್ಕ (ಮದುವ್ಯಾಗ ಹೆಣ್ಣಿನ ಕಡಿಯವರು ಜೋಡಿಸಿ ತೋರಸೋ ಸಾಮಾನು) ಇಡ್ಲಿಕ್ಕೆ ಅಂತ ಕ್ರೋಶಾದ ತೋರಣ, ಟೇಬಲ್ ಕ್ಲಾತ್ ಎಲ್ಲಾ ಹಾಕ್ಲಿಕ್ಕೆ ಕೂತೆ. ದಿನಾ ನಾಲ್ಕು ತಾಸು ಆಗ್ತದ. ಮಗಳು ಕೊಡಿಸಿದ ಸ್ಮಾರ್ಟ್‌ವಾಚ್ ಕಟ್ಕೊಂಡು ಕೂತ್ರ ಸಂಜಿಗೆ ಅದರಾಗ ಮೂರು-ನಾಲ್ಕು ಸಾವಿರ ಸ್ಟೆಪ್ಸ್ ಕಾಣ್ತಾವ! ಕ್ರೋಶಾ ಗ್ರೂಪಿನ ವಾಟ್ಸಾಪಿನ್ಯಾಗೂ 'ತಾಸಿಗೆ 200 ಕ್ಯಾಲರಿ ಖರ್ಚಾಗ್ತದ' ಅಂತ ಬಂದಿತ್ತು. ಮೊಣಕಾಲೂ ನೋಯ್ತಿದ್ವು, ಹಂಗಾಗಿ ವಾಕಿಂಗ್ ಬಿಟ್ಟೆ. ಆದ್ರ ತೂಕ ಎರಡು ಕೆಜಿ ಏರ್ಯದ. ಸಂಜಿಗೆ ಭುಜ, ಕುತ್ತಿಗಿ ಎಲ್ಲಾ ಸೋತು ಹೋಗಿರ್ತಾವ, ಇಷ್ಟು ದಣಿವಾದ್ರೂ ತೂಕ ಹೆಂಗ ಏರ್ತದರೀ? ನಮ್ಮ ಅತ್ತಿಯವ್ರು ಜೀವನಪೂರ್ತಿ ಕೌದಿ ಹೊಲದಾರ, 78ಕ್ಕೂ ತೆಳ್ಳಗ ಇದ್ದಾರ, ಶುಗರ್ ಇಲ್ಲ. ಇತ್ತೀಚಿಗೆ ರಾತ್ರಿ ನನ್ನ ಬಲಗೈ ಬೆರಳು ಜುಮ್ ಅಂತಾವ. ಕ್ರೋಶಾ ಬಿಡ್ಬೇಕೇನು?"

ಉತ್ತರ:

ನೇರವಾಗಿ ಹೇಳ್ಬಿಡ್ತೀನಿ ಅಕ್ಕಾ, ಕ್ರೋಶಾ ವಾಕಿಂಗ್‌ಗೆ ಬದಲಿ ಅಲ್ಲ, ಅದರ ಹತ್ರಾನೂ ಬರಲ್ಲ. ಹಾಗಂತ ಬಿಡಿ ಅಂತಾನೂ ನಾನು ಹೇಳಲ್ಲ. ನಿಮ್ಮ ತೂಕ ಏರಿದ್ದು ಕ್ರೋಶಾ ಶುರು ಮಾಡಿದ್ದಕ್ಕಲ್ಲ, ವಾಕಿಂಗ್ ನಿಂತಿದ್ದಕ್ಕೆ, ಇವೆರಡೂ ಒಂದೇ ಹೊತ್ತಿಗೆ ಆಗಿರೋದ್ರಿಂದ ಕಲಸಿಹೋಗಿದೆ ಅಷ್ಟೆ. ನಾನು ಫಿಸಿಯೋಥೆರಪಿಸ್ಟ್, ಇಲ್ಲೇ ಪುಣೆಯ ಕೊಥ್ರೂಡ್ ಕಡೆ ಕ್ಲಿನಿಕ್‌ನಲ್ಲಿ ಕೂರ್ತೀನಿ, ವಾಚ್ ತೋರಿಸಿ "ನೋಡಿ ಎಷ್ಟು ಸ್ಟೆಪ್ಸ್" ಅನ್ನೋರು ವಾರವಾರವೂ ಬರ್ತಾರೆ. ಒಬ್ಬರದ್ದಂತೂ ಚಪಾತಿ ಲಟ್ಟಿಸೋವಾಗ ಏರತ್ತೆ.

ಮೊದ್ಲು ಆ ವಾಚಿನ ವಿಷಯ. ಅದು ನಿಮ್ಮ ಕಾಲನ್ನ ನೋಡೋದೇ ಇಲ್ಲ, ಅದರೊಳಗೆ ಆಕ್ಸಿಲರೋಮೀಟರ್ ಅಂತ ಒಂದು ಸಣ್ಣ ಸೆನ್ಸರ್ ಇರತ್ತೆ, ಮಣಿಕಟ್ಟು ಒಂದೇ ತಾಳದಲ್ಲಿ ಅಲ್ಲಾಡಿದ್ರೆ "ಓ ನಡೀತಿದ್ದಾರೆ, ಕೈ ಬೀಸ್ತಿದ್ದಾರೆ" ಅಂತ ಅದು ಊಹೆ ಮಾಡತ್ತೆ. ಕ್ರೋಶಾದಲ್ಲಿ ಬಲಗೈಯಲ್ಲಿ ಹುಕ್ ಹಿಡಿದು ದಾರ ಸುತ್ತಿ ಎಳೆಯೋದು, ಮತ್ತೆ ಸುತ್ತಿ ಎಳೆಯೋದು, ಇದಕ್ಕಿಂತ ತಾಳಬದ್ಧವಾದ ಕೆಲಸ ಇನ್ಯಾವುದು ಹೇಳಿ. ಕೈ ಪಳಗಿದಷ್ಟೂ ತಾಳ ಚೆನ್ನಾಗಿ ಕೂರತ್ತೆ, ವಾಚ್ ಅಷ್ಟೂ ಚೆನ್ನಾಗಿ ಮೋಸಹೋಗತ್ತೆ. ನೀವೇ ಪರೀಕ್ಷೆ ಮಾಡಿ ನೋಡಿ: ಒಂದು ದಿನ ವಾಚನ್ನ ಬಲಗೈಗೆ ಕಟ್ಟಿ, ಕೂರೋ ಮುಂಚೆ ಸ್ಟೆಪ್ಸ್ ಬರೆದಿಟ್ಕೊಳ್ಳಿ, ಒಂದು ತಾಸು ಎದ್ದೇಳದೆ ಹಾಕಿ, ಮತ್ತೆ ನೋಡಿ. ಮಾರನೇ ದಿನ ಅದೇ ವಾಚನ್ನ ಎಡಗೈಗೆ ಕಟ್ಟಿ ಮಾಡಿ, ಎಡಗೈ ದಾರ ಬಿಗಿ ಹಿಡಿದು ಹೆಚ್ಚುಕಮ್ಮಿ ಒಂದೇ ಕಡೆ ಇರೋದ್ರಿಂದ ಅಂಕಿ ದಬಕ್ ಅಂತ ಇಳಿಯತ್ತೆ. ನಡಿಗೆ ಲೆಕ್ಕ ಬೇಕಿದ್ರೆ ಫೋನನ್ನ ಜೇಬಲ್ಲೋ ಸೊಂಟದ ಪರ್ಸಲ್ಲೋ ಇಟ್ಕೊಂಡು ನಡೀರಿ, ಅದು ಇದಕ್ಕಿಂತ ಪ್ರಾಮಾಣಿಕ.

ಇನ್ನು ಆ 200 ಕ್ಯಾಲರಿ. ಇಂಥ ಮೆಸೇಜಿನಲ್ಲಿ ಎರಡು ತಪ್ಪು ಇರತ್ತೆ. ಒಂದು, ಅಂಕಿಯೇ ದೊಡ್ಡದು. ಎರಡನೇದು ಯಾರ ಕಣ್ಣಿಗೂ ಬೀಳಲ್ಲ, ಒಟ್ಟು ಖರ್ಚನ್ನ ಹೆಚ್ಚುವರಿ ಖರ್ಚು ಅಂತ ತೋರಿಸೋದು. ನಾವು ಸುಮ್ನೆ ಗೋಡೆ ನೋಡ್ತಾ ಕೂತ್ರೂ ಹೃದಯ ಬಡೀಬೇಕು, ಉಸಿರಾಡ್ಬೇಕು, ಮೈ ಬೆಚ್ಚಗಿರಬೇಕು, ಇದಕ್ಕೆಲ್ಲ ಶಕ್ತಿ ಹೋಗ್ತಾನೇ ಇರತ್ತೆ. ಹಂಗೆ ಸುಮ್ನೆ ಕೂತಾಗಿನ ಖರ್ಚಿಗೆ 1 ಮೆಟ್ ಅಂತಾರೆ, ಲೆಕ್ಕದ ಅನುಕೂಲಕ್ಕೆ ಒಂದು ಕೆಜಿ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲರಿ ಅಂತ ಹಿಡೀತಾರೆ. ಅಮೆರಿಕದಲ್ಲಿ 1993ರಲ್ಲಿ ಬಾರ್ಬರಾ ಐನ್ಸ್‌ವರ್ತ್ ಮತ್ತು ಜೊತೆಗಾರರು ನೂರಾರು ಕೆಲಸಗಳಿಗೆ ಇಂಥ ಮೆಟ್ ಪಟ್ಟಿ ಮಾಡಿದ್ರು, ಆಮೇಲೆ ಅದನ್ನ ತಿದ್ದುತ್ತಾ ಬಂದಿದ್ದಾರೆ, ನಿಮ್ಮ ವಾಟ್ಸಾಪ್ ಅಂಕಿಗಳೆಲ್ಲ ಸುತ್ತಿ ಬಳಸಿ ಹೆಚ್ಚಾಗಿ ಅದರಿಂದಾನೇ ಹುಟ್ಟಿದ್ದು. ಅದರ 2011ರ ಪಟ್ಟಿಯಲ್ಲಿ ಕೂತು ಹೆಣೆಯೋದು, ಕೈಹೊಲಿಗೆ ಇವಕ್ಕೆ 1.3 ಮೆಟ್ ಕೊಟ್ಟಿದ್ದಾರೆ, ಕ್ರೋಶಾನ ನಾನು ಇದೇ ಗುಂಪಿಗೆ ಸೇರಿಸ್ತೀನಿ. ಮಜಾ ಅಂದ್ರೆ ಅದೇ ಪಟ್ಟಿಯಲ್ಲಿ ಸುಮ್ನೆ ಕೂತು ಟೀವಿ ನೋಡೋದಕ್ಕೂ 1.3ನೇ!

ಲೆಕ್ಕ ಹಾಕೋಣ. 68 ಕೆಜಿಗೆ ಒಂದು ತಾಸು ಕ್ರೋಶಾ ಅಂದ್ರೆ 68 × 1.3, ಸುಮಾರು 88 ಕ್ಯಾಲರಿ. ಅದರಲ್ಲಿ 68 ಏನೂ ಮಾಡದೇ ಕೂತಿದ್ರೂ ಹೋಗ್ತಿತ್ತು. ಉಳಿದಿದ್ದು 20. ನಾಲ್ಕು ತಾಸಿಗೆ 80. ಹಾಲು, ಎರಡು ಚಮಚ ಸಕ್ಕರೆ ಹಾಕಿದ ಒಂದು ಕಪ್ ಚಹಾ ಕುಡಿದ್ರೆ ಅಷ್ಟೂ ವಾಪಸ್ ಬಂತು. ಇದೂ ಸ್ವಲ್ಪ ಉದಾರವಾದ ಲೆಕ್ಕವೇ, ಯಾಕಂದ್ರೆ 1 ಮೆಟ್ ಅನ್ನೋ ಅಳತೆ ಬಂದಿದ್ದು ಸುಮಾರು 40 ವರ್ಷದ 70 ಕೆಜಿ ಗಂಡಸಿನ ದೇಹದಿಂದ. ನಿಮ್ಮ ವಯಸ್ಸು, ಎತ್ತರ, ತೂಕ ಹಾಕಿ ಬೇರೆ ಸೂತ್ರದಲ್ಲಿ ನೋಡಿದ್ರೆ ದಿನಕ್ಕೆ ಸುಮ್ನೆ ಇರೋದಕ್ಕೆ ಸುಮಾರು 1,250 ಕ್ಯಾಲರಿ ಬರತ್ತೆ, ಅಂದ್ರೆ ಗಂಟೆಗೆ 52ರ ಆಸುಪಾಸು, 68 ಅಲ್ಲ. ಹಾಗಾಗಿ ಕ್ರೋಶಾದ ಹೆಚ್ಚುವರಿ ಖರ್ಚು 20ಕ್ಕಿಂತಲೂ ಕಮ್ಮಿಯೇ ಇರಬಹುದು.

ಈಗ ವಾಕಿಂಗ್ ಪಕ್ಕಕ್ಕಿಡಿ. ಗಂಟೆಗೆ ಹತ್ರಹತ್ರ 5 ಕಿಮೀ ವೇಗದಲ್ಲಿ ನಡೆದ್ರೆ 3.5 ಮೆಟ್. ಅರ್ಧ ತಾಸಿಗೆ, ಕೂತಾಗಿನ ಖರ್ಚು ಕಳೆದು, ನಿಮಗೆ ಸುಮಾರು 85 ಕ್ಯಾಲರಿ. ಅಂದ್ರೆ ನಾಲ್ಕು ತಾಸಿನ ಕ್ರೋಶಾ ಮತ್ತು ಅರ್ಧ ತಾಸಿನ ನಡಿಗೆ ಸರಿಸಮ. ನೀವು ಬಿಟ್ಟಿದ್ದು 45 ನಿಮಿಷ, ದಿನಕ್ಕೆ 127ರಷ್ಟು. ಆರು ತಿಂಗಳಿಗೆ ಗುಣಿಸಿ, ಮೈಯ ಒಂದು ಕೆಜಿ ಕೊಬ್ಬಿಗೆ 7,700 ಕ್ಯಾಲರಿ ಅಂತ ಭಾಗಿಸಿದ್ರೆ ಕಾಗದದ ಮೇಲೆ ಮೂರು ಕೆಜಿ ಬರತ್ತೆ. ದೇಹ ಕಾಗದದ ಹಾಗೆ ನಡ್ಕೊಳ್ಳಲ್ಲ, ಊಟ ಹೆಚ್ಚುಕಮ್ಮಿ ಆಗತ್ತೆ, ಬೇರೆ ಓಡಾಟ ಬದಲಾಗತ್ತೆ, ನಿಮಗೆ ಎರಡು ಏರಿದೆ. ಒಟ್ಟಿನಲ್ಲಿ ಇದರಲ್ಲಿ ಮಾಟಮಂತ್ರ ಏನೂ ಇಲ್ಲ, ಥೈರಾಯ್ಡ್ ಇತ್ತೀಚೆಗೆ ನೋಡ್ಸಿಲ್ಲ ಅಂದ್ರೆ ಒಮ್ಮೆ ನೋಡ್ಸಿ, ಅದಕ್ಕೆ ಇನ್ನೊಂದು ಕಾರಣ ಕೊನೆಗೆ ಹೇಳ್ತೀನಿ.

"ಇಷ್ಟು ದಣಿವಾದ್ರೂ" ಅಂದ್ರಲ್ಲ, ಅದು ಒಳ್ಳೇ ಪ್ರಶ್ನೆ, ಬಹಳ ಜನ ಇಲ್ಲೇ ಎಡವೋದು. ದಣಿವಿಗೂ ಕ್ಯಾಲರಿಗೂ ನಾವಂದ್ಕೊಂಡಷ್ಟು ನಂಟಿಲ್ಲ. ಶಕ್ತಿ ಹೆಚ್ಚು ತಿನ್ನೋದು ದೊಡ್ಡ ಸ್ನಾಯುಗಳು, ತೊಡೆ, ಪೃಷ್ಠ, ಬೆನ್ನಿನವು, ಅದೂ ಅವು ದೇಹದ ಭಾರ ಹೊತ್ತು ಚಲಿಸೋವಾಗ. ಕ್ರೋಶಾದಲ್ಲಿ ಅವು ಪೂರಾ ರಜೆ ಮೇಲಿರತ್ತೆ, ಕೆಲಸ ಮಾಡೋದು ಬೆರಳಿನ, ಮುಂಗೈಯ ಸಣ್ಣ ಸ್ನಾಯುಗಳು. ಭುಜ, ಕುತ್ತಿಗೆಯವು ಕೆಲಸಾನೂ ಮಾಡಲ್ಲ, ವಿಶ್ರಾಂತೀನೂ ತಗೊಳ್ಳಲ್ಲ, ಕೈ ಎತ್ತಿ ಹಿಡ್ಕೊಂಡು, ತಲೆ ಬಗ್ಗಿಸಿ, ತಾಸುಗಟ್ಟಲೆ ಬಿಗಿಯಾಗೇ ಇರತ್ತೆ. ಹೀಗೆ ಸಡಿಲ ಆಗದೇ ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಿಯಾಗಿ ಹೋಗಿಬಂದು ಮಾಡಲ್ಲ, ಅದಕ್ಕೇ ನೋವು, ಸೋತ ಅನುಭವ. ಮೈ ಸೋತಿದೆ ಅನ್ಸತ್ತೆ, ಖರ್ಚಾಗಿದ್ದು ಒಂದು ಕಪ್ ಚಹಾ. ಹೊಲಿಗೆ ಎಣಿಸೋದು, ಡಿಸೈನ್ ನೆನಪಿಟ್ಕೊಳ್ಳೋದು, ಮಿದುಳು ಕೆಲಸ ಮಾಡತ್ತಲ್ಲ ಅಂತ ಕೆಲವರು ಕೇಳ್ತಾರೆ. ಮಿದುಳು ಸುಮ್ನಿದ್ರೂ ದೇಹದ ವಿಶ್ರಾಂತಿ ಖರ್ಚಿನ 20 ಶೇಕಡಾ ತಿನ್ನತ್ತೆ ನಿಜ, ಆದ್ರೆ ತಲೆ ಓಡಿಸಿದ್ರೆ ಅದು ಹೇಳ್ಕೊಳ್ಳೋವಷ್ಟು ಏರಲ್ಲ. ಏರೋ ಹಾಗಿದ್ರೆ ನಮ್ಮ ಪುಣೆಯ ಐಟಿ ಮಂದಿ ಎಲ್ಲ ತೆಳ್ಳಗಿರಬೇಕಿತ್ತು.

ನಿಮ್ಮ ಅತ್ತೆಯವರ ಕೌದಿ ಬೇರೆ ಕಥೆ. ಕೌದಿ ನೆಲದ ಮೇಲೆ ಹಾಸಬೇಕು, ಹಳೇ ಸೀರೆ ಪದರಗಳನ್ನ ಎಳೆದು ಸರಿ ಮಾಡ್ಬೇಕು, ಅಂಚಿನಿಂದ ಶುರು ಮಾಡಿ ಹೊಲೀತಾ ಹೊಲೀತಾ ತಾನೇ ಜರುಗ್ತಾ ಹೋಗ್ಬೇಕು, ದಪ್ಪ ಪದರದಲ್ಲಿ ಸೂಜಿ ತೂರಿಸಿ ಎಳೆಯೋಕೆ ತೋಳಿನ ಬಲ ಬೇಕು, ನೆಲದಿಂದ ಮತ್ತೆ ಮತ್ತೆ ಏಳ್ಬೇಕು. ಇದಕ್ಕೆ ಆ ಪಟ್ಟಿಯಲ್ಲಿ ಅಂಕಿ ಇಲ್ಲ, ಆದ್ರೆ ಸೋಫಾ ಮೇಲಿನ ಕ್ರೋಶಾಕ್ಕಿಂತ ಜಾಸ್ತಿ ಅನ್ನೋದಕ್ಕೆ ನನಗೆ ಅನುಮಾನ ಇಲ್ಲ. ಹೋಲಿಕೆಗೆ, ಮಶೀನಿನ ಹೊಲಿಗೆಗೆ ಅದೇ 2011ರ ಪಟ್ಟಿ 2.8 ಕೊಡತ್ತೆ, ಕೈಹೊಲಿಗೆಗಿಂತ ಎರಡು ಪಟ್ಟಿಗೂ ಹೆಚ್ಚು. ಬರೀ ಕೌದಿಯಿಂದ ಅವರು ತೆಳ್ಳಗಿದ್ದಾರೆ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಕೌದಿ ಹೊಲಿಯೋ ಆ ಕಾಲದ ಹೆಂಗಸು ದಿನದ ಉಳಿದ ಹೊತ್ತು ಏನು ಮಾಡ್ತಿದ್ರು ಅಂತ ನಿಮಗೇ ಗೊತ್ತು, ನೀರು ಸೇದೋದು, ಒರಳು, ಬಟ್ಟೆ ಒಗೆಯೋದು, ರೊಟ್ಟಿ ಬಡಿಯೋದು. ಕೌದಿ ಅವರಿಗೆ ವಿಶ್ರಾಂತಿಯಾಗಿತ್ತು. ನಮಗೆ ಲಿಫ್ಟು, ವಾಷಿಂಗ್ ಮಶೀನು, ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ಕೊತ್ತಂಬರಿ, ಅದರ ಮೇಲೆ ನಾಲ್ಕು ತಾಸು ಕ್ರೋಶಾ.

ಕ್ಯಾಲರಿ ಮಾತು ಇಲ್ಲಿಗೆ ಸಾಕು, ನಿಜ ಹೇಳ್ಬೇಕಂದ್ರೆ ನಿಮ್ಮ ವಿಷಯದಲ್ಲಿ ನನಗೆ ಅದಕ್ಕಿಂತ ಹೆಚ್ಚು ಚಿಂತೆ ಆ 6.1ರದ್ದು. 5.7ರಿಂದ 6.4ರವರೆಗೆ ಪ್ರೀಡಯಾಬಿಟಿಸ್, ಅಂದ್ರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತಾರೆ, ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಅಳತೆ) 27ರ ಮೇಲಿದೆ, ನಮ್ಮ ಭಾರತೀಯರಿಗೆ 23ಕ್ಕೇ ತೂಕ ಹೆಚ್ಚು ಅಂತ ಲೆಕ್ಕ, 25 ದಾಟಿದ್ರೆ ಬೊಜ್ಜು. ಊಟ ಆದ್ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನ ಹೀರ್ಕೊಳ್ಳೋ ದೊಡ್ಡ ಗಿರಾಕಿ ಕಾಲಿನ ಸ್ನಾಯುಗಳು, ಅವು ಅಲ್ಲಾಡಿದ್ರೆ ಇನ್ಸುಲಿನ್‌ಗೆ ಕಾಯದೇನೂ ಹೀರ್ಕೊಳ್ಳತ್ತೆ. ಮಧ್ಯಾಹ್ನ ಊಟ ಮಾಡಿ ನೇರ ಕ್ರೋಶಾಕ್ಕೆ ಕೂತು ನಾಲ್ಕು ಗಂಟೆ ಚಹಾಕ್ಕೇ ಎದ್ರೆ ಆ ಹೊತ್ತಲ್ಲಿ ಅವು ಮಲಗಿರತ್ತೆ. ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೂಕ ಹೆಚ್ಚಿದ್ದ ನಡುವಯಸ್ಸಿನವರನ್ನ ತಾಸುಗಟ್ಟಲೆ ಕೂರಿಸಿದ್ರು, ಇನ್ನೊಂದು ದಿನ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಬರೀ 2 ನಿಮಿಷ ನಡೆಸಿದ್ರು. ನಡೆದ ದಿನ ಊಟದ ನಂತರದ ಸಕ್ಕರೆ, ಇನ್ಸುಲಿನ್ ಎರಡೂ ಸ್ಪಷ್ಟವಾಗಿ ಕಮ್ಮಿ. ನಿಧಾನ ನಡಿಗೆಯೂ ಸಾಕಾಗಿತ್ತು.

ಹಾಗಾಗಿ ನಿಮಗೆ ನಾನು ಹೇಳೋ ಮೊದಲನೇದು ಇದೇ, ಇದಕ್ಕೆ ಕ್ರೋಶಾ ಬಿಡೋದೂ ಬೇಡ, ಮೊಣಕಾಲಿಗೆ ಕಷ್ಟಾನೂ ಇಲ್ಲ. ಫೋನಲ್ಲಿ 20-25 ನಿಮಿಷಕ್ಕೆ ಟೈಮರ್ ಇಡಿ, ಆ ಸಾಲು ಮುಗಿಸಿ ಎದ್ದು ಮನೆಯಲ್ಲೇ ಹಾಲ್‌ನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಎರಡು ನಿಮಿಷ ಓಡಾಡಿ. "ಈ ಸಾಲು ಮುಗಿಸಿ" ಅಂತ ಯಾಕೆ ಹೇಳ್ದೆ ಅಂದ್ರೆ ನಡುವೆ ಎದ್ರೆ ಎಣಿಕೆ ತಪ್ಪತ್ತೆ, ಎಣಿಕೆ ತಪ್ಪಿದ್ರೆ ನೀವು ಮೂರನೇ ದಿನಕ್ಕೆ ನನ್ನ ಮಾತು ಬಿಡ್ತೀರಿ. ಬಾಕಿ ದಾರದ ಉಂಡೆಗಳನ್ನ ಒಳಗಿನ ರೂಮಲ್ಲಿಡಿ, ದಾರ ಮುಗಿದ್ರೆ ಎದ್ದು ಹೋಗಲೇಬೇಕು. ತೀರಾ ಮೆತ್ತಗಿನ ಆಳದ ಸೋಫಾ ಬೇಡ, ಏಳೋಕೇ ಮನಸ್ಸಾಗಲ್ಲ, ಮೊಣಕಾಲಿಗೂ ಹೊರೆ. ಬಿಪಿ ಮಾತ್ರೆ ತಗೊಳ್ತಿದ್ರೆ ದಡಕ್ಕನೆ ಏಳ್ಬೇಡಿ, ತಲೆ ತಿರುಗಬಹುದು.

ಆದ್ರೆ ಈ ಎರಡೆರಡು ನಿಮಿಷ ವಾಕಿಂಗ್‌ಗೆ ಬದಲಿ ಅಂತ ತಿಳ್ಕೋಬೇಡಿ, ಇಲ್ಲಾಂದ್ರೆ ಮತ್ತೆ ಅದೇ ವಾಚಿನ ಕಥೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದ್ರೂ ಸ್ನಾಯು ಬಲದ ವ್ಯಾಯಾಮ. ನಮ್ಮ ದೇಶದ್ದೇ ಆಧಾರ ಬೇಕಂದ್ರೆ ಚೆನ್ನೈನ ತಂಡವೊಂದು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ಪ್ರೀಡಯಾಬಿಟಿಸ್ ಇದ್ದವರಲ್ಲಿ ಊಟ ಸರಿಮಾಡಿ ನಡಿಗೆ ಇಟ್ಕೊಂಡವರಿಗೆ ಸಕ್ಕರೆ ಕಾಯಿಲೆ ಬರೋ ಅಪಾಯ ಸುಮಾರು 28 ಶೇಕಡಾ ಕಮ್ಮಿ ಆಯ್ತು, ಮೆಟ್‌ಫಾರ್ಮಿನ್ ಅನ್ನೋ ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಸಿಕ್ಕಿದ್ದೂ ಹೆಚ್ಚುಕಮ್ಮಿ ಅಷ್ಟೇ. ನಿಮ್ಮ ಡಾಕ್ಟರ್ ಮಾತ್ರೆ ಕೊಡದೇ ವಾಕಿಂಗ್ ಹೇಳಿದ್ದು ಸುಮ್ನೆ ಅಲ್ಲ, ಅದೇ ನಿಮ್ಮ ಔಷಧಿ, ಅದನ್ನ ಆರು ತಿಂಗಳಿಂದ ತಪ್ಪಿಸ್ತಿದ್ದೀರಿ.

ಮೊಣಕಾಲು ನೋಯ್ತಿದ್ರೆ 45 ನಿಮಿಷ ಒಂದೇ ಸಲ ಬೇಡ, ಹತ್ತರಿಂದ ಶುರು ಮಾಡಿ, ದಿನಕ್ಕೆ ಮೂರು ಸಲ, ಊಟ ಆದ್ಮೇಲೆ ಆದ್ರೆ ಸಕ್ಕರೆಗೂ ಒಳ್ಳೇದು. ಸಮತಟ್ಟು ಜಾಗ ಹುಡುಕಿ, ಸೊಸೈಟಿ ಒಳಗೋ ಸಾರಸಬಾಗ್‌ನಲ್ಲೋ. ಪರ್ವತಿ ಮೆಟ್ಟಿಲು, ತಳಜಾಯಿ ಟೇಕಡಿ (ಗುಡ್ಡ) ಸದ್ಯಕ್ಕೆ ಬಿಡಿ, ಹತ್ತೋದಕ್ಕಿಂತ ಇಳಿಯೋದು ಮೊಣಕಾಲಿಗೆ ಕಷ್ಟ, ಪುಣೆಯಲ್ಲಿ ಎಲ್ಲರಿಗೂ ಟೇಕಡಿ ಹತ್ತಿದ್ರೇನೇ ವ್ಯಾಯಾಮ ಅನ್ನೋ ಒಂದು ಹುಚ್ಚಿದೆ. ಜೊತೆಗೆ ಗಟ್ಟಿ ಕುರ್ಚಿಯಿಂದ ಕೈ ಊರದೇ ಎದ್ದು ಕೂರೋದು, ಎಂಟ್ಹತ್ತು ಸಲ, ವಾರಕ್ಕೆ ಎರಡು-ಮೂರು ದಿನ, ತೊಡೆ ಗಟ್ಟಿಯಾದಷ್ಟೂ ಮೊಣಕಾಲಿಗೆ ಹೊರೆ ಕಮ್ಮಿ. ಸ್ವಲ್ಪ ನೋವು ಬಂದು ಮಾರನೇ ದಿನಕ್ಕೆ ಹೋದ್ರೆ ಪರವಾಗಿಲ್ಲ. ಊದಿಕೊಂಡ್ರೆ, ಮಡಚಿದ ಕಾಲು ಸಿಕ್ಕಿಹಾಕ್ಕೊಂಡ ಹಾಗಾದ್ರೆ, ನಡೆಯೋವಾಗ ಕುಸಿದ್ರೆ ನಿಲ್ಸಿ ತೋರಿಸಿ.

ರೀಲ್ಸ್‌ನಲ್ಲಿ ಬರೋ ಉಪಾಯಗಳನ್ನೂ ಕೇಳೇ ಕೇಳ್ತೀರಿ ಅಂತ ಮೊದ್ಲೇ ಹೇಳ್ತೀನಿ. ನಿಂತು ಕ್ರೋಶಾ ಹಾಕಿದ್ರೆ ಗಂಟೆಗೆ ಎಂಟ್ಹತ್ತು ಕ್ಯಾಲರಿ ಜಾಸ್ತಿ, ಅದಕ್ಕೆ ಸೊಂಟ, ಮೊಣಕಾಲು ನೋಯಿಸ್ಕೊಳ್ಳೋದು ಲಾಭದ ವ್ಯಾಪಾರ ಅಲ್ಲ. ನಡೀತಾ ಹಾಕೋದು ಮನೆಯೊಳಗೂ ಬೇಡ, ಕಣ್ಣು ಹುಕ್ ಮೇಲೆ, ಕಾಲು ಕಾರ್ಪೆಟ್ ಅಂಚಿನ ಮೇಲೆ, ಬಿದ್ರೆ 52ಕ್ಕೆ ಮಣಿಕಟ್ಟು ಮುರಿಯೋದು ಬಹಳ ಸುಲಭ, ಆಮೇಲೆ ರುಖವತ ಯಾರು ಮುಗಿಸ್ತಾರೆ. ಮಣಿಕಟ್ಟಿಗೆ ತೂಕದ ಪಟ್ಟಿ ಕಟ್ಟಿ ಹಾಕೋದಂತೂ ಖಂಡಿತ ಬೇಡ, ಸಾವಿರಾರು ಸಲ ಆಡೋ ಸ್ನಾಯುರಜ್ಜುವಿಗೆ ಭಾರ ಹೇರಿದ್ರೆ ಊತ ಬರತ್ತೆ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸೋ "ಸೋಲಿಯಸ್ ಪುಷಪ್" (ಸೋಲಿಯಸ್ ಅಂದ್ರೆ ಮೀನಖಂಡದ ಒಂದು ಸ್ನಾಯು) ಇದೆಯಲ್ಲ, ಅದರ ಹಿಂದೆ 2022ರ ಹ್ಯೂಸ್ಟನ್ ವಿಶ್ವವಿದ್ಯಾಲಯದ ನಿಜವಾದ ಸಂಶೋಧನೆ ಇದೆ, ಸಕ್ಕರೆ ಇಳಿದಿದ್ದೂ ನಿಜ, ಆದ್ರೆ ಅಲ್ಲಿ ಸ್ನಾಯು ಎಷ್ಟು ಕೆಲಸ ಮಾಡ್ತಿದೆ ಅಂತ ಯಂತ್ರ ಇಟ್ಟು ನೋಡ್ತಾ ತಾಸುಗಟ್ಟಲೆ ಮಾಡಿಸಿದ್ದರು, ರೀಲಿನಲ್ಲಿ ತೋರಿಸೋ ಹಾಗೆ ಹತ್ತು ಸಲ ಕುಣಿಸಿದ್ರೆ ಅದಾಗಲ್ಲ. ಮಾಡಿದ್ರೆ ನಷ್ಟ ಇಲ್ಲ, ಅದರ ಮೇಲೆ ಭರವಸೆ ಇಡ್ಬೇಡಿ.

ಕ್ರೋಶಾದ ಪರವಾಗಿ ಒಂದೆರಡು ಮಾತು ಹೇಳ್ದೇ ಇದ್ರೆ ಅನ್ಯಾಯ. ಬಿಳಿ ದಾರ ಹಿಡಿದ ಕೈಯಲ್ಲಿ ಚಿವಡಾ, ಚಕ್ಕುಲಿ ತಿನ್ನೋಕಾಗಲ್ಲ, ಕಲೆ ಆಗತ್ತೆ, ಟೀವಿ ಮುಂದೆ ಖಾಲಿ ಕೈಯಲ್ಲಿ ಕೂತವರು ಅದೇ ಹೊತ್ತಲ್ಲಿ ಎಷ್ಟು ತಿಂತಾರೆ ಅಂತ ನಾನು ನೋಡಿದ್ದೀನಿ, ನನ್ನ ಪ್ರಕಾರ ತೂಕದ ವಿಷಯದಲ್ಲಿ ಕ್ರೋಶಾದ ಅಸಲಿ ಉಪಕಾರ ಇದು, ಆ 20 ಕ್ಯಾಲರಿ ಅಲ್ಲ. ಮನಸ್ಸಿಗೂ ಒಳ್ಳೇದು, 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 3,500ಕ್ಕೂ ಹೆಚ್ಚು ಹೆಣಿಗೆಯವರನ್ನ ಕೇಳಿದಾಗ ಪದೇ ಪದೇ ಹೆಣೆಯೋರು ಹೆಚ್ಚು ಶಾಂತವಾಗಿ, ಖುಷಿಯಾಗಿ ಇರ್ತೀವಿ ಅಂದಿದ್ರು. ಅವರೇ ತಮ್ಮ ಬಗ್ಗೆ ಹೇಳ್ಕೊಂಡಿದ್ದು, ರಕ್ತ ಪರೀಕ್ಷೆ ಅಲ್ಲ, ಆದ್ರೂ ಮಗಳ ಮದುವೆ ಇರೋ ಮನೆಯಲ್ಲಿ ಅಮ್ಮ ಶಾಂತವಾಗಿರೋದು ಸಣ್ಣ ವಿಷಯವೇನಲ್ಲ.

ಕೊನೆಗೆ ಬೆರಳು. ಇದನ್ನ ನೀವು ಪತ್ರದ ತುದಿಯಲ್ಲಿ ಸೇರಿಸಿದ್ದೀರಿ, ನಾನು ಮೊದಲು ನೋಡೋದು ಇದನ್ನೇ. ರಾತ್ರಿ ಜುಮ್ ಅನ್ನೋದು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಲ್ಲಿ, ಕೈ ಕೊಡವಿದ್ರೆ ಹಗುರ ಅನ್ಸತ್ತೆ ಅಂದ್ರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗ್ತಿರೋ ಸಾಧ್ಯತೆ ಹೆಚ್ಚು, ಕಾರ್ಪಲ್ ಟನಲ್ ಅಂತಾರೆ. ಕಿರುಬೆರಳಲ್ಲಾದ್ರೆ ಅದು ಬೇರೆ ನರ, ಮೊಣಕೈ ತುಂಬ ಹೊತ್ತು ಮಡಚಿಟ್ಟಿದ್ರಿಂದ ಆಗಿರಬಹುದು. ಕಾರ್ಪಲ್ ಟನಲ್ ಹೆಂಗಸರಿಗೆ ಹೆಚ್ಚು, ಸಕ್ಕರೆ ಅಥವಾ ಥೈರಾಯ್ಡ್ ತೊಂದರೆ ಇದ್ರೆ ಇನ್ನೂ ಹೆಚ್ಚು, ಥೈರಾಯ್ಡ್ ನೋಡ್ಸಿ ಅಂದಿದ್ದು ಅದಕ್ಕೆ, ಜೊತೆಗೆ ಬಿ12 ಕೂಡ ನೋಡ್ಸಿ, ಸಸ್ಯಾಹಾರಿಗಳಾದ್ರೆ ಮುಖ್ಯವಾಗಿ. ಸದ್ಯಕ್ಕೆ ರಾತ್ರಿ ಮಣಿಕಟ್ಟು ನೇರ ಇಡೋ ಸ್ಪ್ಲಿಂಟ್ ಹಾಕ್ಕೊಂಡು ಮಲಗಿ, ಮೆಡಿಕಲ್ ಅಂಗಡಿಯಲ್ಲಿ ಸಿಗತ್ತೆ, ಬಿಗಿಯಾಗಿ ಕಟ್ಬೇಡಿ. ತುಳಶಿಬಾಗ್ ಮಾರ್ಕೆಟ್ ಕಡೆ ಹೋದಾಗ ದಪ್ಪ ರಬ್ಬರ್ ಹಿಡಿಕೆಯ ಹುಕ್ ತಗೊಳ್ಳಿ, ತೆಳು ಸ್ಟೀಲ್ ಹುಕ್ಕಿನಲ್ಲಿ ಸಣ್ಣ ಹತ್ತಿ ದಾರ ಹಾಕೋವಾಗ ಬೆರಳು ಎಷ್ಟು ಬಿಗಿ ಹಿಡೀತೀರಿ ಅಂತ ನಿಮಗೇ ಗೊತ್ತಾಗಲ್ಲ. ಟೇಬಲ್ ಕ್ಲಾತ್ ಭಾರ ಮಣಿಕಟ್ಟಿನಿಂದ ನೇತಾಡದೇ ತೊಡೆ ಮೇಲೆ ದಿಂಬಿಟ್ಟು ಅದರ ಮೇಲೆ ಕೂರಲಿ, ಇದ್ರಿಂದ ಭುಜ ನೋವೂ ಇಳಿಯತ್ತೆ. ಎರಡು-ಮೂರು ವಾರದಲ್ಲಿ ಕಮ್ಮಿ ಆಗ್ಲಿಲ್ಲ ಅಂದ್ರೆ, ಹಗಲಲ್ಲೂ ಮರಗಟ್ಟಿದ್ರೆ, ಲೋಟ ಕೈಜಾರಿದ್ರೆ, ಹೆಬ್ಬೆರಳ ಬುಡದ ಮಾಂಸ ಕರಗಿದ ಹಾಗೆ ಕಂಡ್ರೆ ಮದುವೆ ಮುಗೀಲಿ ಅಂತ ಕಾಯ್ಬೇಡಿ, ಆಗ ಹುಕ್ ಕೆಳಗಿಟ್ಟು ಮೂಳೆ ಡಾಕ್ಟರ್‌ಗೋ ನರದ ಡಾಕ್ಟರ್‌ಗೋ ತೋರಿಸಿ.

ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳೋದು, ಆದ್ರೆ ನಿಮ್ಮದು ವರ್ಷದ ಹಿಂದಿನದ್ದು, ಆಮೇಲೆ ತೂಕ ಬೇರೆ ಏರಿದೆ, ಹಾಗಾಗಿ ಈ ವಾರವೇ ಒಂದ್ಸಲ ಮಾಡ್ಸಿ, ವಾಕಿಂಗ್ ಶುರು ಮಾಡಿ ಮೂರು ತಿಂಗಳಿಗೆ ಮತ್ತೊಂದ್ಸಲ. 6.5 ಅಥವಾ ಮೇಲೆ ಬಂದ್ರೆ ಮನೆಮದ್ದು, ಗ್ರೂಪಿನ ಸಲಹೆ ಎಲ್ಲ ಬದಿಗಿಟ್ಟು ನೇರ ನಿಮ್ಮ ಡಾಕ್ಟರ್ ಹತ್ರ ಹೋಗಿ.